ಡ್ರೈಯರ್‌ನ ಟೆಂಪರೇಚರ್ ಸೆನ್ಸರ್ ಕೆಟ್ಟಿದೆಯಾ? ಮೈಸೂರಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಜೂನ್‌ನಲ್ಲಿ ಸೋನೆ ಮಳೆ ಹಿಡಿದುಕೊಂಡರೆ ಮೈಸೂರಿನ ತಾರಸಿ ಮೇಲಿನ ಹಗ್ಗಗಳಿಗೆ ಕೆಲಸ ಇರುವುದಿಲ್ಲ. ಮೂಲೆಯಲ್ಲಿ ಸುಮ್ನೆ ಕೂತಿದ್ದ ಡ್ರೈಯರ್ ಆಗ ನೆನಪಾಗುತ್ತದೆ. ಅದು ಕೈಕೊಡುವುದೂ ಅದೇ ವಾರ. ನಾನು ಈ ಮೆಷಿನ್‌ಗಳ ರಿಪೇರಿ ಕೆಲಸದಲ್ಲಿರುವವನು. ಫೋನ್ ಮಾಡುವವರಲ್ಲಿ ಜಾಸ್ತಿ ಜನ 'ಸೆನ್ಸರ್ ಹೋಗಿದೆ ಸಾರ್' ಅಂತ ತಾವೇ ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ಕೆಲವು ಸಲ ಅದು ನಿಜ. ಬಹಳಷ್ಟು ಸಲ ತಪ್ಪು ಬೇರೆ ಕಡೆ ಇರುತ್ತದೆ, ಬೈಗುಳ ಮಾತ್ರ ಸೆನ್ಸರ್‌ಗೆ. ಮಲ್ಟಿಮೀಟರ್ ಇಟ್ಟು ಅಳೆಯದೆ ಯಾವ ಭಾಗವನ್ನೂ ದುಡ್ಡು ಕೊಟ್ಟು ತರಬೇಡಿ. ಕೆಳಗಿನ ಉತ್ತರಗಳನ್ನೆಲ್ಲ ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ನಮ್ಮದು ಎರಡು ಟಬ್‌ನ ಸೆಮಿ ಆಟೊಮ್ಯಾಟಿಕ್ ಮೆಷಿನ್. ಅದರ ಡ್ರೈಯರ್‌ನಲ್ಲಿ ಬಟ್ಟೆ ಒಣಗ್ತಿಲ್ಲ. ಸೆನ್ಸರ್ ಬದಲಾಯಿಸಬೇಕಾ?

ಬೇಡ. ಅದರಲ್ಲಿ ಟೆಂಪರೇಚರ್ ಸೆನ್ಸರ್ರೇ ಇಲ್ಲ, ಹೀಟರ್ ಕೂಡ ಇಲ್ಲ. ಆ ಚಿಕ್ಕ ಟಬ್ ಬಟ್ಟೆಯನ್ನು ಜೋರಾಗಿ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಹಿಂಡುವುದು ಕಡಿಮೆಯಾಗಿದ್ದರೆ ಮೋಟರ್‌ನ ಕೆಪಾಸಿಟರ್, ಬ್ರೇಕ್ ತಂತಿ, ನೀರು ಹೊರಹೋಗುವ ಪೈಪ್ ನೋಡಿಸಿ. ಬಟ್ಟೆಯನ್ನು ಬಿಸಿ ಗಾಳಿಯಲ್ಲಿ ಒಣಗಿಸುವ ಮೆಷಿನ್ ಇರುವವರು ಮಾತ್ರ ಮುಂದೆ ಓದಿ. ಅದು ಬರೀ ಡ್ರೈಯರ್ ಆಗಿರಬಹುದು, ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಇರುವ ವಾಷರ್ ಡ್ರೈಯರ್ ಆಗಿರಬಹುದು.

ಈ ಸೆನ್ಸರ್ ಹೇಗೆ ಕೆಲಸ ಮಾಡುತ್ತೆ?

ಈಗಿನ ಮೆಷಿನ್‌ಗಳಲ್ಲಿ ಇರುವುದು ಥರ್ಮಿಸ್ಟರ್. ಕಡಲೆಕಾಳಿಗಿಂತ ಚಿಕ್ಕ ಮಣಿಯೊಂದನ್ನು ಲೋಹದ ಅಥವಾ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಿರುತ್ತಾರೆ. ಅದರಿಂದ ಎರಡು ವೈರ್ ಹೊರಗೆ ಬರುತ್ತವೆ. ಬಿಸಿ ಏರಿದಂತೆ ಮಣಿಯ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯುವುದಕ್ಕೆ ಅದು ಒಡ್ಡುವ ತಡೆ, ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಆ ಅಳತೆ ನೋಡಿ ಹೀಟರನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅಂತ ತೀರ್ಮಾನಿಸುತ್ತದೆ.

ಬರೀ ಡ್ರೈಯರ್ ಆದರೆ ಇದು ಸಾಮಾನ್ಯವಾಗಿ ಡ್ರಮ್‌ನಿಂದ ಗಾಳಿ ಹೊರಬರುವ ದಾರಿಯಲ್ಲಿ, ಫಿಲ್ಟರ್ ಹಿಂದೆ ಅಥವಾ ಫ್ಯಾನ್ ಹತ್ತಿರ ಇರುತ್ತದೆ. ವಾಷರ್ ಡ್ರೈಯರ್ ಆದರೆ ಕನಿಷ್ಠ ಎರಡು ಸೆನ್ಸರ್. ಒಂದು ಒಗೆಯುವ ನೀರಿನ ಬಿಸಿ ನೋಡಲು ಕೆಳಗಿನ ಹೀಟರ್ ಪಕ್ಕದಲ್ಲಿ, ಇನ್ನೊಂದು ಬಿಸಿ ಗಾಳಿ ಹಾಯುವ ದಾರಿಯಲ್ಲಿ. ಎರಡರ ಅಳತೆಯೂ ಬೇರೆ ಬೇರೆ ಇರಬಹುದು. ಒಣಗಿಸುವ ತೊಂದರೆಗೆ ಕೆಳಗಿನದನ್ನು ಬಿಚ್ಚಿ ಅಳೆದು, 'ತಪ್ಪು ತೋರಿಸ್ತಿದೆ' ಅನ್ನುವವರು ಬೇಕಾದಷ್ಟು ಜನ ಇದ್ದಾರೆ.

ಕೆಟ್ಟರೆ ಏನೇನು ಆಗುತ್ತೆ?

ಕೆಡುವ ರೀತಿಯ ಮೇಲೆ ಹೋಗುತ್ತದೆ. ಒಳಗೆ ತಂತಿ ಪೂರ್ತಿ ಕಡಿದುಹೋಗಿದ್ದರೆ ಅಥವಾ ಎರಡೂ ತಂತಿ ಕೂಡಿಕೊಂಡಿದ್ದರೆ ಬೋರ್ಡ್‌ಗೆ ಬೇಗ ಗೊತ್ತಾಗುತ್ತದೆ. ಸ್ಕ್ರೀನ್ ಮೇಲೆ ತೊಂದರೆಯ ಕೋಡ್ ತೋರಿಸಿ ಮೆಷಿನ್ ನಿಂತುಬಿಡುತ್ತದೆ. ಇದು ಸುಲಭದ ಕೇಸು.

ಕಷ್ಟ ಇರುವುದು ಅಳತೆ ಸ್ವಲ್ಪ ಸ್ವಲ್ಪ ಜಾರಿದಾಗ. ಸೆನ್ಸರ್ ಇರಬೇಕಾದದ್ದಕ್ಕಿಂತ ಜಾಸ್ತಿ ರೆಸಿಸ್ಟೆನ್ಸ್ ತೋರಿಸಿದರೆ, ಗಾಳಿ ಇನ್ನೂ ತಣ್ಣಗಿದೆ ಅಂತ ಬೋರ್ಡ್ ತಿಳಿದುಕೊಂಡು ಹೀಟರನ್ನು ಉರಿಸುತ್ತಲೇ ಇರುತ್ತದೆ. ಬಟ್ಟೆ ಕೈ ಸುಡುವಷ್ಟು ಬಿಸಿ, ಎಲಾಸ್ಟಿಕ್ ಸುರುಟಿಕೊಂಡಿರುತ್ತದೆ, ಸುಟ್ಟ ವಾಸನೆಯೂ ಬರಬಹುದು. ಕಡಿಮೆ ರೆಸಿಸ್ಟೆನ್ಸ್ ತೋರಿಸಿದರೆ ಇದರ ಉಲ್ಟಾ. ಸಾಕಷ್ಟು ಬಿಸಿಯಾಯಿತು ಅಂತ ಹೀಟರ್ ಬೇಗ ಬಂದ್ ಆಗುತ್ತದೆ. ಮೆಷಿನ್ ತಿರುಗುತ್ತಲೇ ಇರುತ್ತದೆ, ಬಟ್ಟೆ ಉಗುರುಬೆಚ್ಚಗೆ, ಒದ್ದೆ ಒದ್ದೆ. ಈ ಎರಡರಲ್ಲೂ ಕೋಡ್ ಬರಲೇಬೇಕು ಅಂತಿಲ್ಲ.

ಇನ್ನೊಂದು ಸಂಗತಿ. ಸೆನ್ಸರ್ ಚೆನ್ನಾಗಿಯೇ ಇದ್ದು, ಅದರ ಮೇಲೆ ಜುಂಗು ಕವಿದುಕೊಂಡಿರಬಹುದು. ಬಟ್ಟೆಯಿಂದ ಉದುರುವ ನವಿರಾದ ನಾರು, ಲಿಂಟ್ ಅನ್ನುತ್ತಾರಲ್ಲ, ಅದು. ಸರಸ್ವತಿಪುರಂನ ಒಂದು ಮನೆಯಲ್ಲಿ ನೋಡಿದ ಸೆನ್ಸರ್‌ಗೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಉಗುರಿನಿಂದ ಎತ್ತಿದರೆ ಜುಂಗು ಒಂದೇ ಹಾಳೆಯಾಗಿ ಕಿತ್ತು ಬಂತು. ಒಳಗಿನ ಲೋಹ ಹೊಸದರಂತೆ ಹೊಳೆಯುತ್ತಿತ್ತು. ಅಷ್ಟು ದಪ್ಪ ಹೊದಿಕೆ ಇದ್ದರೆ ಗಾಳಿಯ ಬಿಸಿ ಸೆನ್ಸರ್‌ಗೆ ಮುಟ್ಟುವುದು ತಡವಾಗುತ್ತದೆ, ಅಷ್ಟರಲ್ಲಿ ಡ್ರಮ್ ಅತಿಯಾಗಿ ಕಾದಿರುತ್ತದೆ. ಬ್ರಷ್‌ನಿಂದ ಒರೆಸಿದ್ದಷ್ಟೇ ರಿಪೇರಿ.

ಬಟ್ಟೆ ಇನ್ನೂ ಹಸಿ, ಆದರೆ ಮೆಷಿನ್ 'ಮುಗೀತು' ಅನ್ನುತ್ತೆ. ಇದು ಟೆಂಪರೇಚರ್ ಸೆನ್ಸರ್ ತಾನೆ?

ಸಾಮಾನ್ಯವಾಗಿ ಅಲ್ಲ. ಡ್ರಮ್ ಒಳಗೆ, ಬಾಗಿಲ ಹತ್ತಿರ ಎರಡು ಲೋಹದ ಪಟ್ಟಿಗಳು ಇವೆಯಾ ನೋಡಿ. ಅದು ತೇವದ ಸೆನ್ಸರ್. ಒದ್ದೆ ಬಟ್ಟೆ ಎರಡೂ ಪಟ್ಟಿಗೆ ತಾಗಿದರೆ ಸಣ್ಣ ಕರೆಂಟ್ ಹರಿಯುತ್ತದೆ. ಹರಿಯುವುದು ನಿಂತರೆ ಬಟ್ಟೆ ಒಣಗಿದೆ ಅಂತ ಲೆಕ್ಕ. ಬಟ್ಟೆ ಮೆತ್ತಗಾಗಲಿ, ವಾಸನೆ ಬರಲಿ ಅಂತ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಈ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಪದರ ಕೂರಿಸುತ್ತದೆ. ಆಮೇಲೆ ಒದ್ದೆ ಬಟ್ಟೆ ತಾಗಿದರೂ ಪಟ್ಟಿಗೆ ಗೊತ್ತಾಗುವುದಿಲ್ಲ. ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ, ಒಣಗಿದ ಬಟ್ಟೆಯಿಂದ ಒರೆಸಿ.

ಪರೀಕ್ಷೆ ಬೇಕಾದರೆ ಹೀಗೆ ಮಾಡಿ. ಆಟೊ ಪ್ರೋಗ್ರಾಂ ಬಿಟ್ಟು, ನಿಮಿಷ ಲೆಕ್ಕದ ಪ್ರೋಗ್ರಾಂ ಹಾಕಿ. ಅದರಲ್ಲಿ ಚೆನ್ನಾಗಿ ಒಣಗಿದರೆ ಟೆಂಪರೇಚರ್ ಸೆನ್ಸರ್, ಹೀಟರ್ ಎರಡೂ ಬಹುತೇಕ ಸರಿ ಇವೆ. ಆಟೊದಲ್ಲಿ ಮಾತ್ರ ಎಡವುತ್ತಿದ್ದರೆ ಅನುಮಾನ ಆ ಪಟ್ಟಿಗಳ ಮೇಲೆ.

ಮೆಷಿನ್ ಬಿಚ್ಚುವ ಮೊದಲು ಮನೆಯವರೇ ಏನು ನೋಡಬಹುದು?

ಮೊದಲು ಫಿಲ್ಟರ್. ಪ್ರತಿ ಸಲ ಬಟ್ಟೆ ಒಣಗಿಸಿದ ಮೇಲೂ ಅದರ ಜುಂಗು ಬಿಡಿಸಬೇಕು. ವಾರಕ್ಕೊಮ್ಮೆ ಅಂದರೆ ಸಾಲದು. ಗಾಳಿ ಹೊರಗೆ ಬಿಡುವ ಮಾದರಿಯಾದರೆ ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿದೆಯಾ ನೋಡಿ. ಗಾಳಿ ಆಡದಿದ್ದರೆ ಸೆನ್ಸರ್ ಕೆಟ್ಟಾಗ ಕಾಣುವ ಲಕ್ಷಣಗಳೆಲ್ಲ ಬಂದುಬಿಡುತ್ತವೆ.

ಆಮೇಲೆ ಲೋಡ್. ವಾಷರ್ ಡ್ರೈಯರ್ ಮೇಲೆ ದೊಡ್ಡದಾಗಿ 8 ಕೆಜಿ ಅಂತ ಬರೆದಿದ್ದರೆ ಅದು ಒಗೆಯುವ ಲೆಕ್ಕ. ಒಣಗಿಸುವುದು ಅದಕ್ಕಿಂತ ಬಹಳ ಕಡಿಮೆ, 5 ಕೆಜಿ ಆಸುಪಾಸು ಇರಬಹುದು. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಎರಡೂ ಇರುತ್ತದೆ. ಒಗೆದದ್ದನ್ನೆಲ್ಲ ಹಾಗೇ ಒಣಗಲು ಬಿಟ್ಟು, ಎರಡು ಬೆಡ್‌ಶೀಟ್ ನಡುವೆ ಹಸಿ ಟವೆಲ್ ಸಿಕ್ಕಿತು ಅಂತ ಫೋನ್ ಮಾಡುವವರೇ ಜಾಸ್ತಿ.

ಮೂರನೆಯದು ಯಾರಿಗೂ ಹೊಳೆಯುವುದಿಲ್ಲ. ನಲ್ಲಿ. ಕೆಲವು ವಾಷರ್ ಡ್ರೈಯರ್‌ಗಳು ಒಳಗಿನ ಹಬೆಯನ್ನು ತಣ್ಣೀರಿನಿಂದ ತಣಿಸಿ ನೀರು ಮಾಡಿ ಹೊರಹಾಕುತ್ತವೆ. ಒಗೆದಾಯಿತಲ್ಲ ಅಂತ ನಲ್ಲಿ ನಿಲ್ಲಿಸಿದರೆ, ಅಥವಾ ಮೇಲಿನ ಟ್ಯಾಂಕ್ ಖಾಲಿಯಾಗಿದ್ದರೆ, ಹಬೆ ಒಳಗೇ ಸುತ್ತುತ್ತಿರುತ್ತದೆ. ಎಷ್ಟು ಹೊತ್ತು ತಿರುಗಿದರೂ ಬಟ್ಟೆ ಒಣಗುವುದಿಲ್ಲ.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಸಂಜೆ ಹೊತ್ತು ಒಣಗಲ್ಲ, ಬೆಳಗಿನ ಜಾವ ಹಾಕಿದರೆ ಒಣಗುತ್ತೆ. ಇದ್ಯಾವ ಸೆನ್ಸರ್?

ಸೆನ್ಸರ್ ಅಲ್ಲ, ವೋಲ್ಟೇಜ್. ಹೀಟರ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ಗೆ 2000 ವ್ಯಾಟ್ ಕೊಡುವ ಹೀಟರ್ 190 ವೋಲ್ಟ್‌ಗೆ ಸುಮಾರು 1360 ವ್ಯಾಟ್ ಮಾತ್ರ ಕೊಡುತ್ತದೆ. ಮೂರನೇ ಒಂದು ಭಾಗ ಹೋಯಿತಲ್ಲ! ಸುತ್ತಲಿನ ಪಂಪ್‌ಸೆಟ್‌ಗಳು ಓಡುವ ಹೊತ್ತು, ಊರಿನಲ್ಲೆಲ್ಲ ದೀಪ ಹತ್ತುವ ಹೊತ್ತು ಬಿಟ್ಟು ಹಾಕಿ ನೋಡಿ. ವೋಲ್ಟೇಜ್ ದಿನಾ ಹೀಗೇ ಬೀಳುತ್ತಿದ್ದರೆ ಕರೆಂಟ್ ಕಂಪನಿ ಸೆಸ್ಕ್‌ಗೆ ದೂರು ಕೊಡಿ. ಫ್ರಿಜ್‌ಗೆ ಹಾಕುವ ಚಿಕ್ಕ ಸ್ಟೆಬಿಲೈಸರ್‌ಗೆ ಡ್ರೈಯರ್ ಸಿಕ್ಕಿಸಬೇಡಿ, ಅದು ಸುಟ್ಟುಹೋಗುತ್ತದೆ.

ಸ್ಕ್ರೀನ್ ಮೇಲೆ ಟಿಇ1 ಅಂತ ಬರ್ತಿದೆ. ಹಾಗಂದರೆ?

ಎಲ್‌ಜಿ ಡ್ರೈಯರ್‌ಗಳಲ್ಲಿ ಅದು ಥರ್ಮಿಸ್ಟರ್ ಸರ್ಕ್ಯೂಟ್‌ನ ತೊಂದರೆ. ಬೇರೆ ಕಂಪನಿಗಳ ಕೋಡ್ ಬೇರೆ, ಒಂದೇ ಕಂಪನಿಯಲ್ಲೂ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಮೆಷಿನ್‌ನ ಪುಸ್ತಕ ನೋಡಿ. ಒಂದು ಮಾತು ನೆನಪಿರಲಿ: ಕೋಡ್ ಹೇಳುವುದು 'ಈ ಸರ್ಕ್ಯೂಟ್‌ನಲ್ಲಿ ಏನೋ ಇದೆ' ಅಂತ ಮಾತ್ರ. ಸೆನ್ಸರ್, ಅದರ ವೈರ್, ಕನೆಕ್ಟರ್, ಬೋರ್ಡ್ ಎಲ್ಲವೂ ಆ ಸರ್ಕ್ಯೂಟ್‌ನಲ್ಲೇ ಬರುತ್ತವೆ.

ಮೀಟರ್ ಇಟ್ಟು ನೋಡೋದು ಹೇಗೆ?

ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಹಳೇ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವಲ್ಲ. ಆಗ ಸ್ವಿಚ್ ಆರಿಸಿದರೂ ಮೆಷಿನ್ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಕಿತ್ತ ಮೇಲೂ ಐದು ಹತ್ತು ನಿಮಿಷ ಬಿಡಿ, ಬೋರ್ಡ್‌ನ ಕೆಪಾಸಿಟರ್‌ಗಳು ಖಾಲಿಯಾಗಲಿ. ಹಿಂದಿನ ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಇದ್ದರೆ ಒಳ್ಳೆಯದು. ಮೆಷಿನ್ ವಾರಂಟಿಯಲ್ಲಿದ್ದರೆ ಮಾತ್ರ ಒಂದು ಸ್ಕ್ರೂ ಕೂಡ ಮುಟ್ಟದೆ ಕಂಪನಿಯವರನ್ನೇ ಕರೆಸಿ.

ಮಲ್ಟಿಮೀಟರನ್ನು ರೆಸಿಸ್ಟೆನ್ಸ್ ಕಡೆಗೆ ತಿರುಗಿಸಿ 20ಕೆ ಗೆ, ಅಂದರೆ 20 ಕಿಲೋ ಓಮ್‌ವರೆಗೆ ಅಳೆಯುವ ಜಾಗಕ್ಕೆ ಇಡಿ. ಓಮ್ ಅನ್ನುವುದು ರೆಸಿಸ್ಟೆನ್ಸ್‌ನ ಅಳತೆ. ಎರಡೂ ಮೊನೆ ಒಂದಕ್ಕೊಂದು ತಾಗಿಸಿದಾಗ ಸೊನ್ನೆ ಬರಬೇಕು. ಬರದಿದ್ದರೆ ಮೀಟರ್‌ನ ಬ್ಯಾಟರಿಯೋ ವೈರೋ ಹೋಗಿದೆ. ಮೊದಲು ಅದನ್ನು ಸರಿಮಾಡಿಕೊಳ್ಳಿ.

ಈಗ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ. ವೈರ್ ಹಿಡಿದು ಎಳೆಯಬಾರದು. ಕನೆಕ್ಟರ್‌ನ ಪಕ್ಕದಲ್ಲಿ ಸಣ್ಣ ಕೊಕ್ಕೆ ಇರುತ್ತದೆ, ಅದನ್ನು ಒತ್ತಿಕೊಂಡು ಎಳೆಯಬೇಕು. ಬಿಚ್ಚದೆ ಅಳೆದರೆ ಬೋರ್ಡ್‌ನ ರೆಸಿಸ್ಟೆನ್ಸ್ ಕೂಡ ಲೆಕ್ಕಕ್ಕೆ ಬಂದು ಸುಳ್ಳು ತೋರಿಸುತ್ತದೆ. ಸೆನ್ಸರ್‌ನ ಎರಡು ಪಿನ್‌ಗೆ ಮೊನೆ ತಾಗಿಸಿ, ಬೆರಳು ಲೋಹಕ್ಕೆ ತಾಗದಂತೆ ಹಿಡಿಯಿರಿ. ಎಡಗಡೆ ಬರೀ 1 ಅಥವಾ ಓಎಲ್ (ಅಳತೆ ಮೀಟರ್‌ನ ಮಿತಿ ಮೀರಿದೆ) ಅಂತ ಬಂದರೆ ಒಳಗೆ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಒಳಗೆ ಕೂಡಿಕೊಂಡಿದೆ. ಎರಡರಲ್ಲಿ ಯಾವುದಾದರೂ ಸೆನ್ಸರ್ ಬದಲಾಯಿಸಲೇಬೇಕು.

ಸಂಖ್ಯೆ ಬಂದರೆ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಕೈಯ ಬಿಸಿಗೆ ಸಂಖ್ಯೆ ಒಂದೇ ಸಮನೆ ಇಳಿಯುತ್ತಾ ಹೋಗಬೇಕು. ಬಿಟ್ಟರೆ ನಿಧಾನವಾಗಿ ಏರಬೇಕು. ಇಳಿಯುವಾಗ ನಡುವೆ ದಡಕ್ಕನೆ ಹಾರಿದರೆ, ಒಂದು ಕ್ಷಣ ಓಎಲ್ ತೋರಿಸಿ ಮತ್ತೆ ಸರಿಹೋದರೆ, ಒಳಗಿನ ಜೋಡಣೆ ಸಡಿಲವಾಗಿದೆ. ಮೆಷಿನ್ ಅಲುಗಾಡುವಾಗ ಮಾತ್ರ ಬಂದು ಹೋಗುವ ಕೋಡ್‌ಗೆ ಇದೂ ಒಂದು ಕಾರಣ.

ಸರಿಯಾದ ಸಂಖ್ಯೆ ಎಷ್ಟು?

ಬಹಳಷ್ಟು ಡ್ರೈಯರ್‌ಗಳಲ್ಲಿ 25 ಡಿಗ್ರಿಗೆ 10 ಕಿಲೋ ಓಮ್. ಎಲ್ಲದರಲ್ಲೂ ಅಲ್ಲ. 5 ಇರುವುದೂ ಉಂಟು, 12 ಇರುವುದೂ ಉಂಟು. ಹಾಗಾಗಿ ನಿಮ್ಮ ಮಾದರಿಯ ಸರ್ವಿಸ್ ಪಟ್ಟಿಯೇ ಕೊನೆಯ ಮಾತು.

10 ಕಿಲೋ ಓಮ್‌ನದು ಅಂತ ಇಟ್ಟುಕೊಂಡರೆ ಮೈಸೂರಿನ ಲೆಕ್ಕ ಹೀಗೆ. ಡಿಸೆಂಬರ್ ಬೆಳಗ್ಗೆ 16 ಡಿಗ್ರಿ ಇದ್ದಾಗ ಸುಮಾರು 15. ಮಳೆಗಾಲದ ಮಾಮೂಲು ದಿನ ಹತ್ತರ ಆಸುಪಾಸು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಗೆ 7ಕ್ಕಿಂತ ಸ್ವಲ್ಪ ಕಡಿಮೆ. ಮೂರೂ ಸರಿಯೇ! ಚಳಿಗಾಲದಲ್ಲಿ 15 ಬಂತು ಅಂತ ಒಳ್ಳೇ ಸೆನ್ಸರ್ ಬಿಸಾಡಬೇಡಿ. ಈಗ ತಾನೇ ಓಡಿದ ಮೆಷಿನ್‌ನಲ್ಲಿ ಅಳೆದರೂ ಕಡಿಮೆ ಬರುತ್ತದೆ, ಪೂರ್ತಿ ಆರಲು ಬಿಡಿ. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಂಡೇ ಅಳೆಯಿರಿ.

ಬಿಸಿನೀರಿನಲ್ಲಿ ಅದ್ದಿ ಪರೀಕ್ಷೆ ಮಾಡಬಹುದಾ?

ಮಾಡಬಹುದು, ನನಗೆ ಇಷ್ಟವಾದ ಪರೀಕ್ಷೆಯೂ ಇದೇ. ಕೋಣೆಯ ಬಿಸಿಯಲ್ಲಿ ಸರಿಯಾಗಿದ್ದು ಮೇಲಕ್ಕೆ ಹೋದಂತೆ ಜಾರುವ ಸೆನ್ಸರ್ ಸಿಕ್ಕಿಬೀಳುವುದು ಇಲ್ಲೇ. ಸೆನ್ಸರನ್ನು ಮೆಷಿನ್‌ನಿಂದ ಪೂರ್ತಿ ಹೊರತೆಗೆದು, ತೆಳು ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ಇಲ್ಲದಂತೆ ಸುತ್ತಿ. ಪಿನ್‌ಗಳು ನೀರಿಗೆ ತಾಗಬಾರದು. ಸ್ನಾನದ ಬಿಸಿನೀರಿಗೆ ಕುದಿಯುವ ನೀರು ಬೆರೆಸಿ ಲೋಟದಲ್ಲಿ 60 ಡಿಗ್ರಿಗೆ ತನ್ನಿ. 10 ಕಿಲೋ ಓಮ್‌ನ ಸೆನ್ಸರ್ ಅಲ್ಲಿ ಎರಡೂವರೆ ಹತ್ತಿರ ತೋರಿಸಬೇಕು. ಡ್ರೈಯರ್ ಕೆಲಸ ಮಾಡುವುದು ಸುಮಾರು ಅದೇ ಬಿಸಿಯಲ್ಲಿ. ಹಾಗಾಗಿ ಇದು ಮುಖ್ಯ.

ಕುದಿಯುವ ನೀರನ್ನೇ ಅಳತೆಗೋಲು ಮಾಡಿಕೊಂಡರೆ 100 ಡಿಗ್ರಿ ಅಂತ ಲೆಕ್ಕ ಹಾಕಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಐಸ್ ನೀರಿನ ಪರೀಕ್ಷೆಗೆ ಮೀಟರನ್ನು 200ಕೆ ಗೆ ತಿರುಗಿಸಿಕೊಳ್ಳಿ, ಅಲ್ಲಿ 30ರ ಸುತ್ತಮುತ್ತ ಬರುತ್ತದೆ. 20ಕೆ ಯಲ್ಲೇ ಇಟ್ಟರೆ ಓಎಲ್ ತೋರಿಸುತ್ತದೆ. ಸೆನ್ಸರ್ ಸತ್ತಿದೆ ಅಂದುಕೊಂಡೀರಿ.

ಸೆನ್ಸರ್ ಸರಿ ಇದೆ. ಆದರೂ ಕೋಡ್ ಹೋಗ್ತಿಲ್ಲ.

ವೈರ್ ನೋಡಿ. ನೆಲಮಹಡಿ ಮನೆಗಳಲ್ಲಿ, ಹಿತ್ತಿಲ ಕಡೆ ಮೆಷಿನ್ ಇಟ್ಟಿರುವ ಕಡೆ, ಇಲಿ ಕಡಿದಿರುವುದು ಸರ್ವೇಸಾಮಾನ್ಯ. ಕಡಿದ ಜಾಗ ಎಷ್ಟೋ ಸಲ ಕೆಳಗಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ ಇರುತ್ತದೆ. ಕನೆಕ್ಟರ್ ಒಳಗಿನ ಪಿನ್ ಹಸಿರುಗಟ್ಟಿದೆಯಾ ನೋಡಿ. ಮಳೆಗಾಲದ ತೇವಕ್ಕೆ ಹೀಗಾಗುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಂದೆರಡು ಸಲ ಹಾಕಿ ತೆಗೆದರೆ ಸರಿಹೋಗುತ್ತದೆ. ಆಮೇಲೆ ಬೋರ್ಡ್ ಕಡೆಯ ಕನೆಕ್ಟರನ್ನೂ ಬಿಚ್ಚಿ, ಬೋರ್ಡ್‌ನಿಂದ ಸೆನ್ಸರ್‌ವರೆಗೆ ಒಂದೊಂದೇ ವೈರ್ ಅಳೆಯಿರಿ. ಅಳೆಯುವಾಗ ವೈರನ್ನು ಅಲ್ಲಾಡಿಸಿ.

ಅದೂ ಸರಿ ಇದ್ದರೆ ಬೋರ್ಡ್ ಮೇಲೆ ಅನುಮಾನ. ಕಸುಬಿನವರು ಸೆನ್ಸರ್ ಜಾಗದಲ್ಲಿ 10 ಕಿಲೋ ಓಮ್‌ನ ಮಾಮೂಲಿ ರೆಸಿಸ್ಟರ್ ಸಿಕ್ಕಿಸಿ, ಕೋಡ್ ಹೋಗುತ್ತದಾ ಅಂತ ಮಾತ್ರ ನೋಡುತ್ತಾರೆ. ಹೋಗದಿದ್ದರೆ ತಪ್ಪು ಬೋರ್ಡ್‌ನದು. ಇದನ್ನು ಮನೆಯಲ್ಲಿ ಮಾಡಬೇಡಿ. ರೆಸಿಸ್ಟರ್ ಇದ್ದಷ್ಟು ಹೊತ್ತು ಬೋರ್ಡ್‌ಗೆ ಗಾಳಿ ಸದಾ 25 ಡಿಗ್ರಿ. ಹಾಗೇ ಮರೆತು ಓಡಿಸಿದರೆ ಹೀಟರ್ ನಿಲ್ಲುವುದೇ ಇಲ್ಲ.

ಬಿಸಿಯೇ ಆಗ್ತಿಲ್ಲ. ಒಬ್ಬರು ಬಂದು ಎರಡು ವೈರ್ ಜೋಡಿಸಿ ಹೋದರು, ಈಗ ಓಡ್ತಿದೆ. ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. ಪ್ಲಗ್ ಕಿತ್ತು, ಮೆಷಿನ್ ಬಳಸುವುದು ನಿಲ್ಲಿಸಿ.

ಹೀಟರ್ ದಾರಿಯಲ್ಲಿ ಸೆನ್ಸರ್ ಅಲ್ಲದೆ ಇನ್ನೂ ಕಾವಲುಗಾರರಿದ್ದಾರೆ. ಅತಿ ಬಿಸಿಯಾದರೆ ತಾನೇ ತೆರೆದುಕೊಂಡು, ಆರಿದ ಮೇಲೆ ಕೂಡಿಕೊಳ್ಳುವ ಥರ್ಮೋಸ್ಟಾಟ್ ಒಂದು. ಒಂದೇ ಸಲಕ್ಕೆ ಕಡಿದುಹೋಗಿ ಮತ್ತೆ ಕೂಡದ ಥರ್ಮಲ್ ಫ್ಯೂಸ್ ಇನ್ನೊಂದು. ತಣ್ಣಗಿರುವಾಗ ಎರಡೂ ಮೀಟರ್‌ನಲ್ಲಿ ಸೊನ್ನೆ ಹತ್ತಿರ ತೋರಿಸಬೇಕು. 2000 ವ್ಯಾಟ್ ಹೀಟರ್ ಸುಮಾರು 26 ಓಮ್ ತೋರಿಸುತ್ತದೆ. ಥರ್ಮಲ್ ಫ್ಯೂಸ್ ಹೋಗಿದ್ದರೆ ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ಜುಂಗು ಕಟ್ಟಿ ಗಾಳಿ ನಿಂತಿತ್ತಾ, ಫ್ಯಾನ್ ತಿರುಗುತ್ತಿಲ್ಲವಾ, ಸೆನ್ಸರ್ ಜಾರಿತ್ತಾ ಅಂತ ಹುಡುಕಬೇಕು. ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಫ್ಯೂಸನ್ನೇ ತೆಗೆದು ವೈರ್ ಕೂಡಿಸಿದರೆ ಮುಂದೆ ಹೋಗುವುದು ಬಟ್ಟೆ, ಆಮೇಲೆ ಮನೆ. ಒಣಗಿದ ಜುಂಗಿಗೆ ಬೆಂಕಿ ಹತ್ತಲು ಹೊತ್ತು ಬೇಡ.

ಹೀಟ್ ಪಂಪ್ ಡ್ರೈಯರ್‌ಗೂ ಇದೇ ಪರೀಕ್ಷೆನಾ?

ಫ್ರಿಜ್‌ನಂತೆ ಕಂಪ್ರೆಸರ್ ಇಟ್ಟು ಗಾಳಿ ಬಿಸಿ ಮಾಡುವ ಡ್ರೈಯರ್ ಅದು. ಸೆನ್ಸರ್ ಅಳೆಯುವುದು ಅದೇ ರೀತಿ. ಆದರೆ ಅದರಲ್ಲಿ ಕಂಪ್ರೆಸರ್ ಕಡೆಯ ಪೈಪ್‌ಗೂ ಸೆನ್ಸರ್ ಇರುತ್ತದೆ, ಮಾಮೂಲಿ ಹೀಟರ್ ಇರದೆ ಇರಬಹುದು. ಗಾಳಿ ಅಷ್ಟೊಂದು ಬಿಸಿಯಾಗುವುದೂ ಇಲ್ಲ, ಹೊತ್ತೂ ಜಾಸ್ತಿ ಬೇಕು. ಹಳೇ ಡ್ರೈಯರ್‌ಗೆ ಹೋಲಿಸಿ 'ಬಿಸಿ ಸಾಲದು' ಅನ್ನಬೇಡಿ. ಗ್ಯಾಸ್ ಪೈಪ್ ಮಾತ್ರ ಮುಟ್ಟಬೇಡಿ. ಕೆಲವು ಮಾದರಿಗಳಲ್ಲಿರುವ ಆರ್290 ಅಂದರೆ ಪ್ರೊಪೇನ್, ಬೆಂಕಿ ಹತ್ತುವ ಗ್ಯಾಸ್.

ಬೇರೆ ಕಂಪನಿಯ ಸೆನ್ಸರ್ ಹಾಕಬಹುದಾ?

ಆಕಾರ ಕೂತರೆ ಸಾಲದು. 25 ಡಿಗ್ರಿಯ ಅಳತೆಯೂ, ಬಿಸಿ ಏರಿದಂತೆ ಅದು ಇಳಿಯುವ ವೇಗವೂ ಎರಡೂ ಹೊಂದಬೇಕು. ಆ ವೇಗವನ್ನು ಬೀಟಾ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. ಎರಡು ಸೆನ್ಸರ್ ಅಂಗಡಿಯಲ್ಲಿ ಒಂದೇ ಅಳತೆ ತೋರಿಸಿ, 60 ಡಿಗ್ರಿಗೆ ಹೋದಾಗ ಬೇರೆಯಾಗಬಹುದು. ಅಂಗಡಿಯಲ್ಲಿ ಕೇಳುವಾಗ ಹಳೇ ಸೆನ್ಸರ್ ಜೊತೆ ಮೆಷಿನ್‌ನ ಮಾದರಿ ಸಂಖ್ಯೆಯ ಫೋಟೊ ಒಯ್ಯಿರಿ. ಅದು ಬಾಗಿಲು ತೆರೆದರೆ ಅಂಚಿನಲ್ಲೋ ಹಿಂಭಾಗದಲ್ಲೋ ಅಂಟಿಸಿರುತ್ತದೆ.

ಸರ್ವಿಸ್‌ನವರು ನೋಡಿದ ತಕ್ಷಣ ಬೋರ್ಡ್ ಬದಲಿಸಿ ಅಂದರು. ಒಪ್ಪಬೇಕಾ?

ಸೆನ್ಸರ್ ನೂರರ ಲೆಕ್ಕ, ಬೋರ್ಡ್ ಸಾವಿರದ ಲೆಕ್ಕ. ಹಾಗಾಗಿ ಕೇಳುವುದರಲ್ಲಿ ಸಂಕೋಚ ಬೇಡ. 'ಸೆನ್ಸರ್ ಎಷ್ಟು ಓಮ್ ತೋರಿಸ್ತು, ನನ್ನ ಮುಂದೆ ಒಂದು ಸಲ ಇಡ್ತೀರಾ?' ಅಂತ ಕೇಳಿ. ಕೆಲಸ ಗೊತ್ತಿರುವವರು ಖುಷಿಯಿಂದಲೇ ತೋರಿಸುತ್ತಾರೆ. ಅಳತೆಯನ್ನು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ತೆಗೆದ ಹಳೇ ಭಾಗ ಕೇಳಿ ಪಡೆಯಿರಿ. ಮಾತು ಬೆಳೆದು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬರೆಸಿಕೊಂಡ ಆ ಅಳತೆ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಹೊಸ ಸೆನ್ಸರ್ ಹಾಕಿದ ಮೇಲೆ ಏನು ನೋಡಬೇಕು?

ಹಾಕುವ ಮೊದಲೇ ಅದನ್ನೂ ಅಳೆಯಿರಿ, ಹೊಸದು ಅಂದ ಮಾತ್ರಕ್ಕೆ ನಂಬಬೇಡಿ. ಕೂರುವ ಜಾಗದ ರಬ್ಬರ್ ಸರಿಯಾಗಿ ಕೂತಿರಬೇಕು, ಗಾಳಿ ಸೋರಬಾರದು. ವೈರ್ ಡ್ರಮ್‌ಗೂ ಬೆಲ್ಟ್‌ಗೂ ಹೀಟರ್‌ಗೂ ತಾಗದಂತೆ ಹಳೇ ಕ್ಲಿಪ್‌ಗಳಲ್ಲೇ ಸಿಕ್ಕಿಸಿ. ಆಮೇಲೆ ನಾಲ್ಕೈದು ಒದ್ದೆ ಟವೆಲ್ ಹಾಕಿ ಓಡಿಸಿ, ಪಕ್ಕದಲ್ಲೇ ಇರಿ. ಹೀಟರ್ ಒಮ್ಮೆ ಹತ್ತಿ, ಒಮ್ಮೆ ಆರಿ, ಮತ್ತೆ ಹತ್ತಬೇಕು. ಕ್ಲ್ಯಾಂಪ್ ಮೀಟರ್ ಇದ್ದರೆ ಆಂಪಿಯರ್ ಏರಿಳಿಯುವುದರಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಮನೆಯ ಕರೆಂಟ್ ಮೀಟರ್‌ನ ಕೆಂಪು ದೀಪ ನೋಡಿ. ಬೇರೆ ದೊಡ್ಡ ಲೋಡ್ ಎಲ್ಲ ಆರಿಸಿದ್ದರೆ, ಹೀಟರ್ ಹತ್ತಿದಾಗ ಅದು ಚಟಪಟ ಮಿಟುಕುತ್ತದೆ, ಆರಿದಾಗ ನಿಧಾನವಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಒಂದು ಸಲವೂ ನಿಧಾನವಾಗದಿದ್ದರೆ ಮೆಷಿನ್ ನಿಲ್ಲಿಸಿ, ಬಾಗಿಲು ತೆರೆದು ಟವೆಲ್ ಮುಟ್ಟಿ ನೋಡಿ. ಕೈಗೆ ಹಿತವಾಗುವಷ್ಟು ಬಿಸಿ ಇದ್ದರೆ ಲೋಡ್ ಇನ್ನೂ ಒದ್ದೆ ಇದೆ ಅಷ್ಟೇ, ಮುಂದುವರಿಸಿ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಪ್ಲಗ್ ಕಿತ್ತು, ಮೊದಲಿನಿಂದ ಅಳೆಯುತ್ತಾ ಬನ್ನಿ.